ಸಾವೊ ಟೊಮೆ ದ್ವೀಪದ ಜ್ವಾಲಾಮುಖಿ ಶಿಖರ: ಬಳ್ಳಾರಿ, ಸಾಣಾಪುರದ ಬಂಡೆ ಹತ್ತಿದ ಅಭ್ಯಾಸ ಅಲ್ಲಿ ಸಾಕಾದೀತೇ?

ಬಳ್ಳಾರಿ ಗುಡ್ಡ

ಎಲ್ಲರಿಗೂ ನಮಸ್ಕಾರ. ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯಲ್ಲಿ, ಭೂಮಧ್ಯರೇಖೆಗೆ ತೀರ ಹತ್ತಿರದಲ್ಲಿ ಸಾವೊ ಟೊಮೆ ಎಂಬ ದ್ವೀಪವಿದೆ. ಅದರ ದಕ್ಷಿಣ ಭಾಗದ ಕಾಡಿನ ನಡುವೆ ಪಿಕೊ ಕಾವೊ ಗ್ರಾಂಡೆ ಎಂಬ ಕಲ್ಲಿನ ಶಿಖರ ನೆಟ್ಟಗೆ ನಿಂತಿದೆ. ಸಮುದ್ರಮಟ್ಟದಿಂದ ಅದರ ಎತ್ತರ 663 ಮೀಟರ್ ಮಾತ್ರ. ಆದರೆ ಬುಡದ ಕಾಡಿನಿಂದ ಅಳೆದರೂ 300 ಮೀಟರಿಗೆ ಕಡಿಮೆಯಿಲ್ಲ, ಎಲ್ಲ ಕಡೆಯಿಂದಲೂ ಗೋಡೆಯಂತೆ ಕಡಿದು. ಅದರ ಚಿತ್ರ ನೋಡಿದಂದಿನಿಂದ ನಮ್ಮ ಗುಂಪಿನಲ್ಲಿ ಬೇರೆ ಮಾತೇ ಇಲ್ಲ.

ನಾವು ಕೆಲವು ಗೆಳೆಯರು ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಬಳ್ಳಾರಿಯ ಕೋಟೆ ಗುಡ್ಡ ಹತ್ತುವವರು, ಮಳೆಗಾಲ ಮುಗಿದ ಮೇಲೆ ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಕಾಡಿನಲ್ಲಿ ನಡೆಯುವವರು, ಚಳಿಗಾಲದಲ್ಲಿ ಸಾಣಾಪುರ, ಆನೆಗೊಂದಿಯ ಬಂಡೆಗಳ ಮೇಲೆ ಕೈ ಪಳಗಿಸಿಕೊಂಡವರು. ನನ್ನ ಪ್ರಶ್ನೆ ಇಷ್ಟೇ: ಈ ಅಭ್ಯಾಸವನ್ನು ನೆಚ್ಚಿಕೊಂಡು ಅಂಥ ಶಿಖರಕ್ಕೆ ಹೊರಡಬಹುದೇ? ಹೊರಡಬಹುದಾದರೆ ಯಾವ ತಿಂಗಳು ಸೂಕ್ತ, ಮತ್ತು ಇಲ್ಲಿಂದ ಹೋಗುವ ಮುಂಚೆ ಯಾವ ತಯಾರಿ ಆಗಬೇಕು? ಅಲ್ಲಿಗೆ ಹೋಗಿಬಂದವರಾಗಲಿ, ಕಲ್ಲಿನ ವಿಷಯ ಬಲ್ಲವರಾಗಲಿ ದಯವಿಟ್ಟು ತಿಳಿಸಬೇಕು.

ಡೋಣಿಮಲೆ

ಗಣಿ ಕೆಲಸದ ನಿಮಿತ್ತ ಅಂಗೋಲಾದಲ್ಲಿದ್ದ ಕಾಲದಲ್ಲಿ, ರಜೆ ಸಿಕ್ಕಾಗ, ಅಲ್ಲಿನ ರಾಜಧಾನಿ ಲುವಾಂಡಾದಿಂದ ಆ ದ್ವೀಪಕ್ಕೆ ಹೋಗಿದ್ದೆ. ಆದ್ದರಿಂದ ಕಂಡದ್ದನ್ನೇ ಬರೆಯುತ್ತೇನೆ.

ಮೊದಲು ಎರಡು ಶಿಖರಗಳನ್ನು ಬೇರೆ ಮಾಡಿಕೊಳ್ಳಿ. ನೀವು ಚಿತ್ರದಲ್ಲಿ ನೋಡಿದ ಕಾವೊ ಗ್ರಾಂಡೆ ಹಗ್ಗ, ಬಂಡೆಗೆ ಕೊರೆದು ಕೂರಿಸುವ ಬೋಲ್ಟುಗಳೊಂದಿಗೆ ದಿನಗಟ್ಟಲೆ ಗೋಡೆಗೆ ಅಂಟಿಕೊಂಡಿರಬಲ್ಲ ಪರಿಣತರ ಶಿಖರ. ನಡೆದು ಹತ್ತುವ ದಾರಿ ಅದಕ್ಕಿಲ್ಲ. 2016ರಲ್ಲಿ ಗ್ಯಾರೆತ್ ಲೇ ಮತ್ತು ಸೆರ್ಹಿಯೊ ಆಲ್ಮಾದ ಎಂಬಿಬ್ಬರು ಅದರ ಮೈಮೇಲೆ 450 ಮೀಟರಿಗೂ ಉದ್ದದ ಹೊಸ ದಾರಿಯೊಂದನ್ನು ತೆರೆದರು. ಅದರ ಕಠಿಣತೆಯ ದರ್ಜೆ ತೀರ ಪಳಗಿದವರಿಗಷ್ಟೇ ಎಟುಕುವಂಥದ್ದು. ಬುಡದ ಭಾಗ ಹೊರಕ್ಕೆ ಚಾಚಿಕೊಂಡಿರುವ ಬಂಡೆ, ಮೇಲ್ಭಾಗ ಗಿಡಗಂಟಿ ಮತ್ತು ಪಾಚಿ.

ಎರಡನೆಯದು ದ್ವೀಪದ ಅತ್ಯುನ್ನತ ಸ್ಥಳವಾದ ಪಿಕೊ ದೆ ಸಾವೊ ಟೊಮೆ, 2,024 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಎತ್ತರ. ಅದಕ್ಕೆ ಹಗ್ಗದ ವಿದ್ಯೆ ಬೇಡ. ಕಾಲು, ಮಂಡಿ, ತಾಳ್ಮೆ ಮತ್ತು ಸ್ಥಳೀಯ ಮಾರ್ಗದರ್ಶಿ ಬೇಕು. ನಿಮ್ಮ ಗುಂಪಿನ ವಿವರ ಓದಿದರೆ ನೀವು ಹತ್ತಬೇಕಾದದ್ದು ಇದನ್ನು, ಕೆಳಗೆ ನಿಂತು ನೋಡಬೇಕಾದದ್ದು ಕಾವೊ ಗ್ರಾಂಡೆಯನ್ನು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಸಾಣಾಪುರದ ಬಂಡೆ

ಡೋಣಿಮಲೆ ಸರ್, ನಿಮ್ಮ ಅನುಭವಕ್ಕೆ ಗೌರವವಿದೆ. ಆದರೆ ಇಷ್ಟು ಬೇಗ ಬಾಗಿಲು ಹಾಕಿಬಿಡುವುದು ನನಗೆ ಸರಿಕಾಣಲಿಲ್ಲ. ಗಂಗಾವತಿ ಕಡೆಯ ಈ ಬಂಡೆಗಳಿಗಾಗಿ ದೇಶವಿದೇಶಗಳಿಂದ ಹತ್ತುವವರು ಬಂದು ತಿಂಗಳುಗಟ್ಟಲೆ ಇರುತ್ತಾರೆ. ಅವರ ಜೊತೆ ಕ್ರ್ಯಾಶ್ ಪ್ಯಾಡ್ (ಬಿದ್ದರೆ ಪೆಟ್ಟಾಗದಂತೆ ಬಂಡೆಯ ಕೆಳಗೆ ಹಾಸುವ ದಪ್ಪ ಹಾಸು) ಹೊತ್ತು ಬೆಳೆದ ನಮ್ಮೂರ ಹುಡುಗರಲ್ಲಿ ಕೆಲವರ ಬೆರಳಿನ ಬಲ ಯಾರಿಗೂ ಕಡಿಮೆಯಿಲ್ಲ. ಬಾದಾಮಿಯಲ್ಲಿ ಹಗ್ಗದ ಅಭ್ಯಾಸವನ್ನೂ ಮಾಡಿದರೆ, ಕಾಲಕ್ರಮದಲ್ಲಿ ಅಂಥ ಗೋಡೆಯ ಒಂದಷ್ಟು ಭಾಗವನ್ನಾದರೂ ಪ್ರಯತ್ನಿಸಬಾರದೇಕೆ? ಬೆರಳಿಗೆ ಕಸುವು ಬಂದವನಿಗೆ ಊರು ಯಾವುದಾದರೇನು, ಬಂಡೆ ಬಂಡೆಯೇ ಅಲ್ಲವೇ?

ಹಟ್ಟಿ ಹುಡುಗ

ಅಣ್ಣ, ಬಂಡೆ ಎಲ್ಲ ಕಡೆ ಒಂದೇ ಅಲ್ಲ ಎಂಬುದೇ ಈ ಚರ್ಚೆಯ ತಿರುಳು ಎಂದು ನನಗನ್ನಿಸುತ್ತದೆ. ಭೂಗರ್ಭದೊಳಗೆ ಕಲ್ಲಿನ ನಡುವೆಯೇ ದುಡಿಯುವವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯಲು ಅನುಮತಿ ಕೇಳುತ್ತೇನೆ.

ಸಾಣಾಪುರದ ಗ್ರಾನೈಟ್ ನೆಲದ ಆಳದಲ್ಲಿ, ಸುಮಾರು 250 ಕೋಟಿ ವರ್ಷಗಳ ಹಿಂದೆ, ಬಹಳ ನಿಧಾನವಾಗಿ ತಣಿದ ಕಲ್ಲು. ನಿಧಾನವಾಗಿ ತಣಿದದ್ದರಿಂದ ಅದರ ಹರಳುಗಳು ದಪ್ಪವಾಗಿ ಬೆಳೆದಿವೆ. ಅಂಗೈಯನ್ನು ಒತ್ತಿ ಎಳೆದರೆ ಚರ್ಮ ಕಿತ್ತುಬರುವಷ್ಟು ಒರಟು. ಹಿಡಿಯಲು ಅಂಚೇ ಇಲ್ಲದ ಇಳಿಜಾರಿನಲ್ಲಿಯೂ ಬೂಟಿನ ರಬ್ಬರ್ ಅದಕ್ಕೆ ಕಚ್ಚಿಕೊಳ್ಳುತ್ತದೆ. ನಮ್ಮ ಭಾಗದ ಹತ್ತುವಿಕೆಯೆಲ್ಲ ಈ ಘರ್ಷಣೆಯ ಮೇಲೆ ನಿಂತಿದೆ.

ಕಾವೊ ಗ್ರಾಂಡೆಯ ಕಲ್ಲು ಫೋನೋಲೈಟ್. ಅದು ಒಂದು ಕಾಲದಲ್ಲಿ ಜ್ವಾಲಾಮುಖಿಯ ನಾಳದಲ್ಲಿ ಏರಿಬಂದ ಶಿಲಾಪಾಕ. ಹೊರಗೆ ಹರಿಯದೆ ನಾಳದಲ್ಲಿಯೇ ಬಿಗಿದುಕೊಂಡು ಗಟ್ಟಿಯಾಯಿತು. ಸುತ್ತಲಿದ್ದ ಮೆದುವಾದ ಬೂದಿ, ಕಲ್ಲುಗಳ ಬೆಟ್ಟವನ್ನು ಮಳೆ ಕೊಚ್ಚಿಕೊಂಡು ಹೋದ ಮೇಲೆ ಈ ಬಿರಡೆ ಮಾತ್ರ ಉಳಿಯಿತು. ಇದರ ಕಣಗಳು ತೀರ ಸಣ್ಣವು, ಮೈ ನುಣುಪು, ಸೀಳಿಕೊಂಡರೆ ಹಲಗೆಹಲಗೆಯಾಗಿ ಬರುವ ಸ್ವಭಾವ. ಅದರ ಮೇಲೆ ವರ್ಷವಿಡೀ ತೇವ ಕುಳಿತಿದ್ದರೆ, ಸಾಣಾಪುರದಲ್ಲಿ ಕಲಿತ ಕಾಲಿನ ನಂಬಿಕೆ ಅಲ್ಲಿ ಕೈಕೊಡುತ್ತದೆ.

ನಮ್ಮ ಸೀಮೆಯಲ್ಲಿ ಅದರ ದೂರದ ದಾಯಾದಿಯನ್ನು ಮುಟ್ಟಿ ನೋಡಬೇಕೆಂದರೆ ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಕ್ಕೆ ಹೋಗಿ. ಗ್ರಾನೈಟನ್ನು ಸೀಳಿಕೊಂಡು ಏರಿದ ಡೋಲರೈಟಿನ ಕಪ್ಪು ಪಟ್ಟಿ ಅಲ್ಲಿದೆ. ನವಶಿಲಾಯುಗದವರು ಅದರ ಮೇಲೆ ಎತ್ತು, ಮನುಷ್ಯರ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ, ಕೆಲವು ಗುಂಡುಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯ ನಾದ ಬರುತ್ತದೆ. ಫೋನೋಲೈಟನ್ನು ಬಡಿದರೂ ಅಂಥದ್ದೇ ನಾದ. ಕುಪ್ಪಗಲ್ಲಿನ ಕರಿಗಲ್ಲಿನ ಮೇಲೆ ಒಂದು ಬಿಂದಿಗೆ ನೀರು ಸುರಿದು ಕಾಲಿಟ್ಟು ನೋಡಿದರೆ (ಚಿತ್ರಗಳಿರುವ ಗುಂಡುಗಳನ್ನು ದಯವಿಟ್ಟು ತುಳಿಯಬೇಡಿ) ನಾನು ಹೇಳುತ್ತಿರುವುದು ಏನೆಂದು ಕಾಲಿಗೇ ತಿಳಿಯುತ್ತದೆ.

ಬೋಲ್ಟುಗಳ ಸಂಗತಿ ಬೇರೆಯೇ ಇದೆ. ಉಷ್ಣವಲಯದ ಕಡಲ ಬದಿಯ ಗೋಡೆಗಳಲ್ಲಿ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಹೊರಗಿನಿಂದ ಹೊಳೆಯುತ್ತಿದ್ದರೂ ಒಳಗೆ ಬಿರುಕು ಬಿಟ್ಟಿರಬಹುದು. ಉಪ್ಪು ಮತ್ತು ಸೆಕೆಯ ಕೆಲಸ ಅದು. ಅದಕ್ಕೇ ಇಂಥ ಕಡೆ ಟೈಟೇನಿಯಂ ಬಳಸಬೇಕೆಂದು ಬಲ್ಲವರು ಹೇಳುತ್ತಾರೆ. ಹಿಂದಿನವರು ಬಿಟ್ಟುಹೋದ ಬೋಲ್ಟನ್ನು ನಂಬಿ ತೂಗಾಡುವ ಧೈರ್ಯ ನನಗಂತೂ ಇಲ್ಲ.

ಸಾಣಾಪುರದ ಬಂಡೆ

ಕಲ್ಲಿನ ವಿಚಾರದಲ್ಲಿ ಹಟ್ಟಿಯವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ನುಣುಪು ಕಲ್ಲಿನ ಮೇಲೆ ಹತ್ತುವವರು ಜಗತ್ತಿನಲ್ಲಿ ಇಲ್ಲವೆಂದಲ್ಲ. ತಂತ್ರ ಬೇರೆ, ಅಷ್ಟೆ. ನನ್ನ ವಾದ, ನಮ್ಮ ಹುಡುಗರು ಅಲ್ಲಿಗೆ ಹೋಗಿ ಬುಡದವರೆಗಾದರೂ ತಲುಪಿ, ಆ ಕಲ್ಲನ್ನು ಕೈಯಿಂದ ಮುಟ್ಟಿ ಬರಬೇಕು ಎಂಬುದು. ಬುಡದವರೆಗಿನ ದಾರಿ ಹೇಗಿದೆ, ಸರ್?

ಡೋಣಿಮಲೆ

ಬುಡದವರೆಗೆ ಹೋಗುವುದಾದರೆ ನನ್ನ ತಕರಾರೇನೂ ಇಲ್ಲ. ರಾಜಧಾನಿಯಿಂದ ದ್ವೀಪದ ಪೂರ್ವ ತೀರವನ್ನೇ ಹಿಡಿದು ದಕ್ಷಿಣಕ್ಕೆ ಹೋಗುವ ರಸ್ತೆಯಲ್ಲಿ, ತಾಳೆ ಎಣ್ಣೆಯ ತೋಟಗಳ ಮೇಲೆ ಶಿಖರ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ನಿಮಗೆ ಸಿಗುವ ಚಿತ್ರಗಳಲ್ಲಿ ಬಹುಪಾಲು ಆ ರಸ್ತೆಯಿಂದಲೇ ತೆಗೆದವು. ತೋಟ ದಾಟಿದ ಮೇಲೆ ಓಬೊ ರಾಷ್ಟ್ರೀಯ ಉದ್ಯಾನದ ಕಾಡು. ಅಲ್ಲಿ ಮಾರ್ಗದರ್ಶಿಯಿಲ್ಲದೆ ಹೆಜ್ಜೆ ಇಡಬೇಡಿ. ಜಾಡು ಮಳೆಗೆ ಅಳಿದುಹೋಗುತ್ತದೆ, ಮತ್ತು ಕಾಡಿನೊಳಗೆ ಸೇರಿದ ಮೇಲೆ ಅಷ್ಟೆತ್ತರದ ಶಿಖರವೇ ಕಾಣಿಸದು.

ಕಪ್ಪು ನಾಗರದ ವಿಷಯವನ್ನೂ ಹೇಳಿಬಿಡುತ್ತೇನೆ. ಸಾವೊ ಟೊಮೆಯ ಕಪ್ಪು ನಾಗರವನ್ನು ಪೋರ್ಚುಗೀಸರು ಹೊರಗಿನಿಂದ ತಂದು ಬಿಟ್ಟದ್ದೆಂದು ಜನ ಬಹುಕಾಲ ನಂಬಿದ್ದರು. 2017ರಲ್ಲಿ ವಿಜ್ಞಾನಿಗಳು ಅದನ್ನು ಆ ದ್ವೀಪದಲ್ಲಿ ಮಾತ್ರ ಇರುವ ಪ್ರತ್ಯೇಕ ಪ್ರಭೇದವೆಂದು ವರ್ಣಿಸಿದರು. ನನಗೆ ಅದು ಕಾಣಿಸಲಿಲ್ಲ. ನಮ್ಮ ಹೊಲಗಳಲ್ಲಿ ಓಡಾಡುವವರಿಗೆ ನಾಗರಹಾವು ಹೊಸದಲ್ಲ, ಆದರೆ ಗೋಡೆ ಹತ್ತುತ್ತ ಕೈಯನ್ನು ಕಾಣದ ಸಂದಿಗೆ ಚಾಚುವಾಗ ಅದರ ನೆನಪು ಇರಬೇಕು. ದೊಡ್ಡ ಆಸ್ಪತ್ರೆ ಇರುವುದು ರಾಜಧಾನಿಯಲ್ಲಿ.

ರಾಯಚೂರು ವೈದ್ಯೆ

ಹಾವಿಗಿಂತ ಹೆಚ್ಚು ಸಾಧ್ಯತೆಯಿರುವ ಅಪಾಯ ಸೊಳ್ಳೆಯದು ಎಂದು ನೆನಪಿಸುವುದು ನನ್ನ ಕರ್ತವ್ಯ. ದ್ವೀಪದಲ್ಲಿ ಮಲೇರಿಯಾ ಇದೆ. ಅದನ್ನು ತಡೆಯುವ ಮಾತ್ರೆಗಳಲ್ಲಿ ಕೆಲವನ್ನು ಹೊರಡುವ ಒಂದೆರಡು ದಿನ ಮುಂಚೆ, ಕೆಲವನ್ನು ಎರಡು ಮೂರು ವಾರ ಮುಂಚೆಯೇ ಆರಂಭಿಸಬೇಕಾಗುತ್ತದೆ. ಹಿಂದಿರುಗಿದ ಮೇಲೂ ನಿಗದಿತ ಅವಧಿಯವರೆಗೆ ನುಂಗಲೇಬೇಕು. ಊರಿಗೆ ಬಂದೆವೆಂದು ನಡುವೆ ನಿಲ್ಲಿಸುವವರೇ ಹೆಚ್ಚು. ಯಾವ ಮಾತ್ರೆ ಎಂಬುದನ್ನು ನಿಮ್ಮ ಇತರ ಕಾಯಿಲೆ, ಔಷಧಿಗಳನ್ನು ನೋಡಿ ವೈದ್ಯರು ತೀರ್ಮಾನಿಸಬೇಕು. ಈ ಚರ್ಚೆ ಓದಿ ಔಷಧಿ ಅಂಗಡಿಗೆ ಹೋಗಬೇಡಿ. ಮರಳಿ ಬಂದ ಕೆಲವು ತಿಂಗಳೊಳಗೆ ಜ್ವರ ಬಂದರೆ ಆಫ್ರಿಕಾಕ್ಕೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

ಇನ್ನು ಹಳದಿ ಜ್ವರದ ಲಸಿಕೆ. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಅದರ ಪ್ರಮಾಣಪತ್ರ ಸಿಂಧುವಾಗುತ್ತದೆ. ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಎಲ್ಲ ಆಸ್ಪತ್ರೆಗಳಲ್ಲಿ ಅದು ಸಿಗದು, ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು. ನಮ್ಮ ಕಡೆಯವರು ಸಾಮಾನ್ಯವಾಗಿ ಬೆಂಗಳೂರಿಗೆ ಹೋಗುತ್ತಾರೆ. ಅಂಗೋಲಾದ ಮೂಲಕ ಹೋಗಿಬರುವವರಿಗೆ ಇದು ಇಲ್ಲದಿದ್ದರೆ ಭಾರತಕ್ಕೆ ಮರಳುವಾಗ ವಿಮಾನ ನಿಲ್ದಾಣದಿಂದಲೇ ನೇರವಾಗಿ ಪ್ರತ್ಯೇಕವಾಸಕ್ಕೆ ಕಳಿಸುವ ಸಂಭವವಿದೆ. ಅರವತ್ತು ದಾಟಿದವರು, ಮೊಟ್ಟೆಯ ಅಲರ್ಜಿ ಇರುವವರು ಲಸಿಕೆಗೆ ಮುಂಚೆ ವೈದ್ಯರೊಂದಿಗೆ ಮಾತನಾಡಲೇಬೇಕು.

ಗಂಗಾವತಿ ಗದ್ದೆ

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ, ಯಾರೂ ಬೇಸರಿಸಬಾರದು. ಅಂಜನಾದ್ರಿಯ ಮೆಟ್ಟಿಲು ಹತ್ತಿದರೆ ತುಂಗಭದ್ರೆ, ಭತ್ತದ ಗದ್ದೆ, ಬಂಡೆಗಳ ರಾಶಿ, ಎಲ್ಲವೂ ಕಾಣುತ್ತವೆ. ಜ್ವಾಲಾಮುಖಿಯೇ ಬೇಕೆಂದರೆ ಅಂಡಮಾನಿನಲ್ಲಿ ಬ್ಯಾರನ್ ದ್ವೀಪವಿದೆ, ನಮ್ಮದೇ ದೇಶ, ವೀಸಾ ಬೇಡ, ಮಾತ್ರೆಯ ಗೋಳೂ ಕಡಿಮೆ. ಅದನ್ನು ಬಿಟ್ಟು ಇಷ್ಟು ದೂರ ಏಕೆ?

ಹಟ್ಟಿ ಹುಡುಗ

ಬ್ಯಾರನ್ ದ್ವೀಪವನ್ನು ದೋಣಿಯಿಂದ ನೋಡಬಹುದೇ ಹೊರತು ಪ್ರವಾಸಿಗರು ಇಳಿಯುವಂತಿಲ್ಲ. 1991ರಲ್ಲಿ ಮತ್ತೆ ಎಚ್ಚತ್ತ ಆ ಜ್ವಾಲಾಮುಖಿ ಆಗಾಗ ಬೂದಿ, ಹೊಗೆ ಉಗುಳುತ್ತಲೇ ಇದೆ. ಅಂಡಮಾನಿನ ಕಡೆಯದೇ ಆದ ನಾರ್ಕೊಂಡಂ ದ್ವೀಪ ಸುಮಾರು 710 ಮೀಟರ್ ಎತ್ತರದ, ದಟ್ಟ ಕಾಡಿನ ಜ್ವಾಲಾಮುಖಿ ಬೆಟ್ಟ; ಅಲ್ಲಿ ಮಾತ್ರ ಕಾಣಸಿಗುವ ಮಂಗಟ್ಟೆ ಹಕ್ಕಿಗಾಗಿ ಅದನ್ನು ಅಭಯಾರಣ್ಯ ಮಾಡಿದ್ದಾರೆ, ಅಲ್ಲಿಗೂ ಸಾಮಾನ್ಯರಿಗೆ ಪ್ರವೇಶವಿಲ್ಲ. ಹೀಗಾಗಿ ನಮ್ಮ ದೇಶದ ದ್ವೀಪ ಜ್ವಾಲಾಮುಖಿಗಳನ್ನು ಹತ್ತುವ ದಾರಿ ಸದ್ಯಕ್ಕೆ ಮುಚ್ಚಿದೆ. ಇನ್ನು ಹಳೆಯ ಜ್ವಾಲಾಮುಖಿಯ ಕಲ್ಲು ಸಾಕೆಂದರೆ ಎಲ್ಲಿಗೂ ಹೋಗಬೇಕಿಲ್ಲ: ನಮ್ಮ ಹಟ್ಟಿಯ ಚಿನ್ನ ಕುಳಿತಿರುವುದೂ, ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರಿನ ಪಕ್ಕದಲ್ಲಿರುವುದೂ ಸುಮಾರು 270 ಕೋಟಿ ವರ್ಷಗಳ ಹಿಂದಿನ ಲಾವಾ ಮಾರ್ಪಟ್ಟು ಆದ ಕಲ್ಲೇ. ಆದರೆ ಅದಕ್ಕೆ ಶಿಖರದ ಆಕಾರ ಉಳಿದಿಲ್ಲ.

ಬಳ್ಳಾರಿ ಗುಡ್ಡ

ಡೋಣಿಮಲೆ ಸರ್, ಹಾಗಾದರೆ 2,024 ಮೀಟರಿನ ಶಿಖರದ ದಾರಿಯನ್ನು ದಯವಿಟ್ಟು ಸ್ವಲ್ಪ ವಿಸ್ತಾರವಾಗಿ ಹೇಳುವಿರಾ? ಸಾಮಾನ್ಯ ಚಾರಣವೆಂದರೆ ನಮಗೆ ಧೈರ್ಯವಿದೆ.

ಡೋಣಿಮಲೆ

ಸಾಮಾನ್ಯ ಚಾರಣ ಎನ್ನಬೇಡಿ, ಗುಡ್ಡದವರೇ. ದಾರಿ ಬೊಂ ಸುಸೆಸ್ಸೊ ಎಂಬ ಸಸ್ಯೋದ್ಯಾನದಿಂದ ಆರಂಭವಾಗುತ್ತದೆ. ಅದು ಸುಮಾರು 1,100 ಮೀಟರ್ ಎತ್ತರದಲ್ಲಿದೆ, ಬೆಳಿಗ್ಗೆ ಸ್ವೆಟರ್ ಹಾಕಿಕೊಳ್ಳುವಷ್ಟು ತಂಪು. ಮೊದಲ ಹಂತ ಲಗೋವ ಅಮೇಲಿಯ ಎಂಬ ಹಳೆಯ ಜ್ವಾಲಾಮುಖಿಯ ಬಾಯಿಯವರೆಗೆ. ಹೆಸರಿಗೆ ಕೆರೆ, ನೋಡಿದರೆ ದುಂಡಗಿನ ಹುಲ್ಲುಗಾವಲು. ನೀರಿನ ಮೇಲೆ ಹುಲ್ಲು, ಬೇರುಗಳ ಹಾಸು ಹೆಣೆದುಕೊಂಡು ಮುಚ್ಚಿಬಿಟ್ಟಿದೆ. ಅಂಚಿನಲ್ಲಿ ನಿಂತು ಮಾರ್ಗದರ್ಶಿ ತನ್ನ ಉದ್ದನೆಯ ಕೋಲನ್ನು ಆ ಹಾಸಿನೊಳಗೆ ಒತ್ತಿದ. ತಡೆಯೇ ಇಲ್ಲದಂತೆ ಅದು ಇಳಿದುಹೋಯಿತು, ಮತ್ತು ಎಳೆದಾಗ ಕಪ್ಪು ಕೆಸರಿನ ಗುರುತು ಅವನ ಕೈಯ ಹತ್ತಿರದವರೆಗೂ ಬಂದಿತ್ತು.

ಅಲ್ಲಿಂದ ಮುಂದೆ ನಿಜವಾದ ಏರು. ಬೇರುಗಳೇ ಮೆಟ್ಟಿಲು, ಮರದ ಕಾಂಡಗಳೆಲ್ಲ ಪಾಚಿಯಿಂದ ತೊಯ್ದಿರುತ್ತವೆ, ಹಿಡಿದರೆ ಅಂಗೈಯಲ್ಲಿ ನೀರು ಹಿಂಡಿಕೊಳ್ಳುತ್ತದೆ. ಮರದಷ್ಟು ಎತ್ತರದ ಜರಿಗಿಡಗಳು, ಆಳೆತ್ತರವನ್ನೂ ಮೀರಿದ ಬಿಗೋನಿಯ ಗಿಡಗಳು. (ವೈದ್ಯೆ ಮೇಡಂ ಅವರಿಗೆ ಇಷ್ಟವಾಗುವ ಸಂಗತಿಯೆಂದರೆ, ಮಲೇರಿಯಾದ ಕ್ವಿನೈನ್ ಕೊಡುವ ಸಿಂಕೋನ ಮರಗಳೂ ಈ ಕಾಡಿನಲ್ಲಿವೆ, ತೋಟಗಾರಿಕೆಯ ಕಾಲದಲ್ಲಿ ನೆಟ್ಟವು.) ಏರು ದಾರಿ ಒಂದು ಕಿರಿದಾದ ಏಣಿನ ಮೇಲೆ ಸಾಗುತ್ತದೆ. ಎರಡೂ ಕಡೆ ಇಳಿಜಾರು ಎಷ್ಟು ಕಡಿದೆಂಬುದು ಮಂಜು ಮತ್ತು ಗಿಡಗಳಿಂದಾಗಿ ಕಾಣಿಸುವುದಿಲ್ಲ; ಕಾಣಿಸದಿರುವುದೇ ಒಂದು ರೀತಿಯಲ್ಲಿ ಅನುಕೂಲ. ಮಧ್ಯದಲ್ಲಿ ಡೇರೆ ಹಾಕಿ ಒಂದು ರಾತ್ರಿ ಕಳೆಯುವುದು ವಾಡಿಕೆ. ಭೂಮಧ್ಯರೇಖೆಯ ಪಕ್ಕವಾದ್ದರಿಂದ ವರ್ಷವಿಡೀ ಸಂಜೆ ಐದೂವರೆ ಆರರೊಳಗೆ ಸೂರ್ಯ ಮುಳುಗುತ್ತಾನೆ, ಮುಳುಗಿದ ಮೇಲೆ ನಸುಬೆಳಕು ಹೆಚ್ಚು ಹೊತ್ತು ಉಳಿಯುವುದಿಲ್ಲ. ಮರಗಳ ಕೆಳಗಂತೂ ಇನ್ನೂ ಮುಂಚೆಯೇ ಕತ್ತಲು. ತಲೆಗೆ ಕಟ್ಟುವ ದೀಪ ಪ್ರತಿಯೊಬ್ಬರ ಬಳಿಯೂ ಇರಬೇಕು.

ತುದಿಯಿಂದ ಬೆಳಗಿನ ಜಾವ ಮೋಡ ಸರಿದರೆ ಕಡಲು ಕಾಣುತ್ತದೆ, ಸರಿಯದಿದ್ದರೆ ಬಿಳಿ ಬಿಟ್ಟು ಏನೂ ಇಲ್ಲ. ನನಗೆ ಸ್ವಲ್ಪ ಹೊತ್ತು ಸರಿಯಿತು. ಅದನ್ನು ವರ್ಣಿಸುವುದಕ್ಕಿಂತ ಇಳಿಯುವುದರ ಬಗ್ಗೆ ಬರೆಯುವುದು ನಿಮಗೆ ಉಪಯೋಗ. ಹಲವರು ಬಂದ ದಾರಿಯಲ್ಲಿ ಮರಳದೆ ವಾಯವ್ಯದ ಪೊಂತ ಫಿಗೊ ಎಂಬ ಕೋಕೋ ತೋಟದ ಊರಿಗೆ ಇಳಿಯುತ್ತಾರೆ. ಹತ್ತಿದ್ದು 900 ಮೀಟರ್ ಚಿಲ್ಲರೆಯಾದರೆ ಇಳಿಯುವುದು ಅದಕ್ಕಿಂತ ಬಹಳ ಹೆಚ್ಚು, ಅದೂ ಜಾರುವ ಕೆಸರಿನಲ್ಲಿ. ನನ್ನ ಜೊತೆಯಲ್ಲಿದ್ದ, ಪ್ರತಿದಿನ ಓಡುವ ಅಭ್ಯಾಸವಿದ್ದ ಯುವಕನೊಬ್ಬ ಕೊನೆಯ ಭಾಗವನ್ನು ಹಿಮ್ಮುಖವಾಗಿ, ಬೇರುಗಳನ್ನು ಹಿಡಿದು, ಏಣಿಯಿಂದ ಇಳಿಯುವವನಂತೆ ಇಳಿದ.

ಸಾಣಾಪುರದ ಬಂಡೆ

ಓದಿದ ಮೇಲೆ ನನಗೂ ಅನಿಸುತ್ತಿದೆ, ಇಲ್ಲಿ ತೊಡಕು ಕಡಿದಾದ ಏರಿನದಲ್ಲ, ನೀರಿನದು. ಆದರೆ ನಮ್ಮ ಜಿಲ್ಲೆಗಳಲ್ಲಿ ಆ ತಯಾರಿ ಹೇಗೆ ಸಾಧ್ಯ? ಬಳ್ಳಾರಿಯಲ್ಲಿ ವರ್ಷವಿಡೀ ಬೀಳುವ ಮಳೆ 500–600 ಮಿಲಿಮೀಟರ್. ಚಳಿಗಾಲದಲ್ಲಿ ಒಂದು ಹನಿ ಬಿದ್ದರೂ ನಾವು ಬಂಡೆ ಒಣಗಲೆಂದು ಕಾಯುತ್ತೇವೆ.

ಡೋಣಿಮಲೆ

ಸರಿಯಾದ ಪ್ರಶ್ನೆ. ಸಾವೊ ಟೊಮೆಯ ನೈಋತ್ಯ ಭಾಗದಲ್ಲಿ ವಾರ್ಷಿಕ ಮಳೆ 4,000 ಮಿಲಿಮೀಟರನ್ನು ಸುಲಭವಾಗಿ ದಾಟುತ್ತದೆ. ಅದೇ ದ್ವೀಪದ ಈಶಾನ್ಯದಲ್ಲಿ, ಬೆಟ್ಟದ ಮರೆಯಲ್ಲಿ, ಒಣ ಹುಲ್ಲು ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ಅಲ್ಲಿನವರು ಗ್ರವಾನ ಎಂದು ಕರೆಯುವ ಒಣ ಕಾಲ. ಹೋಗುವುದಾದರೆ ಆಗಲೇ ಹೋಗಿ. ಒಣ ಕಾಲವೆಂದರೂ ಎತ್ತರದಲ್ಲಿ ಮಂಜು ಮತ್ತು ತುಂತುರು ಇದ್ದೇ ಇರುತ್ತದೆ.

ತಯಾರಿಗೆ ಮಲೆನಾಡಿಗೆ ಹೋಗಿ. ಹಿಂದಿನ ವರ್ಷದ ಮಳೆಗಾಲದಲ್ಲಿಯೇ, ಅರಣ್ಯ ಇಲಾಖೆ ಅನುಮತಿ ಕೊಡುವ ದಾರಿಗಳಲ್ಲಿ, ಕೊಡಚಾದ್ರಿಯಂಥ ಕಡೆ, ಬೆನ್ನಿಗೆ ಭಾರ ಹೊತ್ತು ಕೆಸರಿನಲ್ಲಿ ಇಳಿಯುವುದನ್ನು ಕಲಿಯಿರಿ. ಹತ್ತುವುದನ್ನು ಬಳ್ಳಾರಿ ಗುಡ್ಡದಲ್ಲಿಯೂ ಕಲಿಯಬಹುದು. ಬೂಟಿನ ತಳ ಆಳವಾದ ಹಲ್ಲುಗಳುಳ್ಳದ್ದಾಗಿರಲಿ. ಸಾಣಾಪುರದಲ್ಲಿ ಹಾಕುವ ನುಣುಪು ತಳದ ಬಿಗಿ ಬೂಟು ಅಲ್ಲಿ ಪ್ರಯೋಜನಕ್ಕೆ ಬಾರದು.

ಗಂಗಾವತಿ ಗದ್ದೆ

ಅಂಜನಾದ್ರಿಯ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ, ಆದರೂ ಕೇಳುತ್ತೇನೆ: ಹಣಕಾಸು, ಪ್ರಯಾಣ ಹೇಗೆ? ಊಟಕ್ಕೆ ಜೋಳದ ರೊಟ್ಟಿ ಸಿಗದೆಂದು ಗೊತ್ತು, ಸಸ್ಯಾಹಾರಿಗಳ ಗತಿಯೇನು?

ಡೋಣಿಮಲೆ

ನೇರ ವಿಮಾನವಿಲ್ಲ. ಯುರೋಪಿನ ಕಡೆಯಿಂದ ಲಿಸ್ಬನ್ ಮೂಲಕ, ಆಫ್ರಿಕಾದ ಕಡೆಯಿಂದ ಲುವಾಂಡಾದ ಮೂಲಕ ಹೋಗಬಹುದು. ರಾಯಚೂರು, ಗುಂತಕಲ್ಲಿನಿಂದ ಮುಂಬೈಗೆ ನೇರ ರೈಲುಗಳಿವೆ. ಮುಂಬೈನಿಂದ ಅಡಿಸ್ ಅಬಾಬ, ಅಲ್ಲಿಂದ ಲುವಾಂಡಾ ಎಂಬ ದಾರಿ ನಮ್ಮ ಕಡೆಯವರಿಗೆ ಅನುಕೂಲ. ಟಿಕೆಟ್ ತೆಗೆಯುವ ಮುಂಚೆ ನಡುವಿನ ದೇಶಗಳ ವೀಸಾ ನಿಯಮಗಳನ್ನು ಆಯಾ ರಾಯಭಾರ ಕಚೇರಿಯಿಂದಲೇ ಕೇಳಿ ತಿಳಿಯಿರಿ, ಏಜೆಂಟರ ಬಾಯಿಮಾತು ನಂಬಬೇಡಿ. ದ್ವೀಪದ ನಾಣ್ಯ ದೋಬ್ರ. ಅದರ ಬೆಲೆಯನ್ನು ಯೂರೋಗೆ ಕಟ್ಟಿಹಾಕಿದ್ದಾರೆ. ಆದ್ದರಿಂದ ಯೂರೋ ನಗದು ಒಯ್ಯಿರಿ, ಅದೂ ಸಣ್ಣ ನೋಟುಗಳಲ್ಲಿ. ನಮ್ಮ ಕಾರ್ಡನ್ನು ಭರವಸೆಯಾಗಿ ಇಟ್ಟುಕೊಳ್ಳಬೇಡಿ.

ಅಲ್ಲಿನ ಊಟದಲ್ಲಿ ಮೀನು ಮುಖ್ಯ. ಬಾಳೆಕಾಯಿ, ದೀಗುಜ್ಜೆ ಎಂದು ನಾವು ಕರೆಯುವ ಬ್ರೆಡ್‌ಫ್ರೂಟ್, ಅನ್ನ, ಬೀನ್ಸ್ ಇವು ಸಸ್ಯಾಹಾರಿಗಳ ಕೈಹಿಡಿಯುತ್ತವೆ. ಬೆಟ್ಟಕ್ಕೆ ನಾನು ಶೇಂಗಾ ಚಟ್ನಿಪುಡಿ ಮತ್ತು ಅವಲಕ್ಕಿ ಒಯ್ದಿದ್ದೆ. ಮಾರ್ಗದರ್ಶಿಗೆ ಚಟ್ನಿಪುಡಿ ಬಹಳ ಹಿಡಿಸಿ, ಉಳಿದ ಡಬ್ಬಿಯನ್ನು ಅವನಿಗೇ ಕೊಟ್ಟೆ. ಜನ ಮಾತನಾಡುವುದು ಪೋರ್ಚುಗೀಸ್ ಮತ್ತು ಅಲ್ಲಿನ ಕ್ರಿಯೋಲ್ ಭಾಷೆಗಳು, ಇಂಗ್ಲಿಷ್ ಎಲ್ಲರಿಗೂ ಬಾರದು. ಇಂಗ್ಲಿಷ್ ಬಲ್ಲ ಮಾರ್ಗದರ್ಶಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಬಳ್ಳಾರಿ ಗುಡ್ಡ

ಎಲ್ಲರಿಗೂ ಕೃತಜ್ಞತೆಗಳು. ಗೆಳೆಯರೊಂದಿಗೆ ಕುಳಿತು ಮಾತನಾಡಿದೆವು. ಕಾವೊ ಗ್ರಾಂಡೆಯ ಬುಡದವರೆಗೆ ಮಾತ್ರ ಹೋಗುವುದು, ಹತ್ತುವುದು ದೊಡ್ಡ ಪಿಕೊ ಶಿಖರವನ್ನು ಎಂದು ಒಪ್ಪಿದ್ದೇವೆ. ಈ ಮಳೆಗಾಲದಲ್ಲಿ ಕೊಡಚಾದ್ರಿ, ಹೊರಡುವುದು ಮುಂದಿನ ವರ್ಷದ ಜುಲೈ. ಒಬ್ಬ ಗೆಳೆಯನಿಗೆ ಹಳೆಯ ಮಂಡಿ ನೋವಿದೆ. ಅವನು ಶಿಖರದಿಂದ ಪೊಂತ ಫಿಗೊ ಕಡೆ ಇಳಿಯದೆ ಬಂದ ದಾರಿಯಲ್ಲೇ ಮರಳಬಹುದೇ?

ಡೋಣಿಮಲೆ

ಮರಳಬಹುದು, ಇಳಿಯುವ ಎತ್ತರ ಅರ್ಧದಷ್ಟು ಉಳಿಯುತ್ತದೆ. ಆದರೆ ಗುಂಪು ಎರಡಾಗುವುದಾದರೆ ಇಬ್ಬರು ಮಾರ್ಗದರ್ಶಿಗಳು ಬೇಕಾಗುತ್ತಾರೆ, ಅದನ್ನು ಬೊಂ ಸುಸೆಸ್ಸೊದಲ್ಲಿ ಹೊರಡುವ ಮುಂಚೆಯೇ ಮಾತಾಡಿ ಮುಗಿಸಿಕೊಳ್ಳಿ. ಎರಡೂ ಗುಂಪುಗಳ ವಾಹನ ಯಾವ ಕಡೆ ಕಾಯಬೇಕೆಂಬುದನ್ನೂ ಆಗಲೇ ಹೇಳಿಬಿಡಿ, ಬೆಟ್ಟದ ಮೇಲಿನಿಂದ ಫೋನ್ ಹತ್ತುವುದೆಂಬ ಭರವಸೆ ಇಟ್ಟುಕೊಳ್ಳಬೇಡಿ.